ಮೊದಲು ಇಸವಿ ನೋಡಿ, ಆಮೇಲೆ ಮರಿ ತನ್ನಿ

(ಶಿವಮೊಗ್ಗದಲ್ಲಿ ಓದುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಯನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲಿರುವ ಪುಸ್ತಕಗಳೆಲ್ಲ ನಾಯಿಗಳ ಬಗ್ಗೆ ಇರುವಂಥವು. ಕೆಲವು ತಳಿಗಳನ್ನು ಪರಿಚಯ ಮಾಡಿಕೊಡುವ ದಪ್ಪ ಪುಸ್ತಕಗಳು. ಕೆಲವು ಮರಿಗೆ ಪಾಠ ಕಲಿಸುವುದು ಹೇಗೆ ಅಂತ ಹೇಳುವ ಸಣ್ಣ ಪುಸ್ತಕಗಳು. ಮಾತು ಮುಗಿದ ಮೇಲೆ ನೀವೇ ಕೈಗೆತ್ತಿಕೊಂಡು ನೋಡಬಹುದು. ಮೊದಲು ಈ ಹಸಿರು ರಟ್ಟಿನ ಪುಸ್ತಕದ ಕಥೆ ಹೇಳುತ್ತೇನೆ. ಯಾಕೆಂದರೆ ನನ್ನ ಓದು ಶುರುವಾದದ್ದೇ ಇದರಿಂದ.

ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಕಪ್ಪು ಮರಿ ಬಂತು. ಬೀದಿ ನಾಯಿಯ ಮರಿ, ಎರಡು ತಿಂಗಳು ತುಂಬಿರಲಿಲ್ಲ. ಕರಿಯ ಅಂತ ಕರೆದೆವು. ಅದೇ ವಾರ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಈ ಪುಸ್ತಕ ಕಣ್ಣಿಗೆ ಬಿತ್ತು. ಮರಿ ಸಾಕುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಬರೆದದ್ದು. ಕೊಂಡುತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಅದರಲ್ಲಿ ಹೀಗೆ ಹೇಳಿತ್ತು: ಮರಿ ಮನೆಯೊಳಗೆ ಉಚ್ಚೆ ಮಾಡಿದರೆ ಅದರ ಮೂತಿಯನ್ನು ಆ ಜಾಗಕ್ಕೆ ತಿಕ್ಕಬೇಕು, ಗದರಿಸಿ ಹೊರಗೆ ಹಾಕಬೇಕು. ಅಚ್ಚಾದ ಮಾತು ಅಂದರೆ ಆಗ ನನಗೆ ವೇದವಾಕ್ಯ. ನಾಲ್ಕು ದಿನ ಹಾಗೇ ಮಾಡಿದೆ.

ಐದನೇ ದಿನ ನೆಲ ಒಣಗಿತ್ತು. ನನಗೆ ಖುಷಿಯೋ ಖುಷಿ. ಒಂದು ವಾರ ಕಳೆದ ಮೇಲೆ ಒಳಗಿನ ಕೋಣೆಯಿಂದ ವಾಸನೆ ಬರತೊಡಗಿತು. ಅಕ್ಕಿ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ ನೋಡಿದರೆ ಅದರ ಹಿಂದೆ ಗೋಡೆಯೆಲ್ಲ ಹಳದಿ ಕಟ್ಟಿತ್ತು. ಕರಿಯ ದಿನವೂ ಅಲ್ಲಿಗೆ ಹೋಗಿ ಕೆಲಸ ಮುಗಿಸಿ ಬರುತ್ತಿತ್ತು. ಬೆಲ್ಟು ಹಾಕಿ ಅಂಗಳಕ್ಕೆ ಕರೆದುಕೊಂಡು ಹೋದರೆ ಅರ್ಧ ಗಂಟೆ ನಿಂತರೂ ಮಾಡುತ್ತಿರಲಿಲ್ಲ. ಒಳಗೆ ಬಂದದ್ದೇ ತಡ, ಡ್ರಮ್ಮಿನ ಹಿಂದೆ ಓಟ.

ಅದಕ್ಕೆ ನಾನು ಕಲಿಸಿದ ಪಾಠ ಏನು ಗೊತ್ತಾ? ಈ ಮನುಷ್ಯನ ಕಣ್ಣೆದುರು ಉಚ್ಚೆ ಮಾಡಿದರೆ ನೋವಾಗುತ್ತದೆ, ಅಷ್ಟೇ. ಮನೆ, ಅಂಗಳ ಅನ್ನುವ ವ್ಯತ್ಯಾಸ ಅದಕ್ಕೆ ಗೊತ್ತೇ ಆಗಲಿಲ್ಲ. ಕರಿಯ ಹನ್ನೆರಡು ವರ್ಷ ನಮ್ಮ ಜೊತೆ ಬದುಕಿತು. ಆ ಹನ್ನೆರಡು ವರ್ಷವೂ ಹಗ್ಗದ ಮೇಲಿನ ಟವೆಲ್ ತೆಗೆಯಲು ನಾನು ಕೈ ಎತ್ತಿದರೆ ಸಾಕು, ಕಿವಿ ಹಿಂದಕ್ಕೆ ಮಾಡಿಕೊಂಡು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಎಷ್ಟೋ ದಿನ ಆದಮೇಲೆ ಈ ಪುಸ್ತಕದ ಮೊದಲ ಪುಟ ತಿರುಗಿಸಿ ಇಸವಿ ನೋಡಿದೆ. ನಾನು ಹುಟ್ಟುವುದಕ್ಕೂ ಮೊದಲೇ ಅಚ್ಚಾಗಿತ್ತು. ಅಂದಿನಿಂದ ನಾಯಿಯ ವಿಷಯದ ಯಾವ ಪುಸ್ತಕ ಸಿಕ್ಕರೂ ಮೂರು ಸಂಗತಿ ನೋಡಿ ಆಮೇಲೆ ಓದುತ್ತೇನೆ. ಯಾವಾಗ ಬರೆದದ್ದು, ಎಲ್ಲಿ ಕೂತು ಬರೆದದ್ದು, ಯಾರ ನಾಯಿಗಾಗಿ ಬರೆದದ್ದು. ಇವತ್ತು ನಾನು ಹೇಳಬೇಕೆಂದು ಬಂದದ್ದೂ ಇದನ್ನೇ.

ಪಾಠ ಕಲಿಸುವ ಪುಸ್ತಕಗಳ ಹಳೆಯ ಬೇರು ಪೊಲೀಸ್ ಮತ್ತು ಸೈನ್ಯದ ನಾಯಿಗಳಲ್ಲಿದೆ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಪುಸ್ತಕ ಅಂಥದ್ದು. ಅಮೆರಿಕದ ವಿಲಿಯಂ ಕೋಹ್ಲರ್ 1962ರಲ್ಲಿ ಬರೆದದ್ದೂ ಸೈನ್ಯದ ನಾಯಿಗಳ ಅನುಭವದಿಂದಲೇ. ಚೈನು ಜಗ್ಗು, ತಪ್ಪಿದಾಗ ನೋವಾಗಲಿ ಅನ್ನುವ ದಾರಿ. ಬೆಳೆದ, ಗಟ್ಟಿ ಮೈಯ ನಾಯಿಗಳನ್ನು ಮುಂದಿಟ್ಟುಕೊಂಡು ಹುಟ್ಟಿದ ಕ್ರಮ ಅದು. ಅದನ್ನೇ ಎಂಟು ವಾರದ ಮರಿಯ ಮೇಲೆ ಹೇರಿದರೆ ಏನಾಗಬೇಕು ಹೇಳಿ?

ಇನ್ನೊಂದು ಬೇರು ತೋಳದ ಕಥೆಯಲ್ಲಿದೆ. ನಾಯಿಗೆ ನೀನೇ ಯಜಮಾನ ಅಂತ ತೋರಿಸು, ಇಲ್ಲದಿದ್ದರೆ ಅದೇ ನಿನ್ನ ಯಜಮಾನ ಆಗುತ್ತದೆ ಅನ್ನುವ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಇದು ಬಂದದ್ದು ಹೀಗೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಒಂದು ಪ್ರಬಂಧ ಬರೆದರು. ಇಕ್ಕಟ್ಟಿನ ಜಾಗದಲ್ಲಿ ಆ ತೋಳಗಳು ಕಾದಾಡುತ್ತಿದ್ದವು. ಗೆದ್ದದ್ದೇ ಆಲ್ಫಾ, ಅಂದರೆ ಗುಂಪಿನ ಯಜಮಾನ, ಎಂದಾಯಿತು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತೋಳಗಳ ಮೇಲೆ ದೊಡ್ಡ ಪುಸ್ತಕ ಬರೆದಾಗ ಈ ಮಾತನ್ನು ಹಾಗೇ ತೆಗೆದುಕೊಂಡರು. ಪುಸ್ತಕ ಲೋಕವೆಲ್ಲ ಹರಡಿತು.

ಆಮೇಲೆ ಇದೇ ಮೆಕ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ವರ್ಷ ವರ್ಷವೂ ಬೇಸಿಗೆಯಲ್ಲಿ ಅಲ್ಲಿನ ಕಾಡು ತೋಳಗಳ ಹತ್ತಿರವೇ ಕೂತು ನೋಡಿದರು. ಅಲ್ಲಿ ಕಂಡದ್ದೇ ಬೇರೆ. ತೋಳದ ಗುಂಪು ಅಂದರೆ ಒಂದು ಸಂಸಾರ. ಅಪ್ಪ, ಅಮ್ಮ, ಮಕ್ಕಳು. ಮುಂದಾಳು ಆಗಲು ಯಾರೂ ಯಾರ ಜೊತೆಗೂ ಹೊಡೆದಾಡಬೇಕಿಲ್ಲ. 1999ರಲ್ಲಿ ಅದನ್ನು ಬರೆದರು. ತಮ್ಮ ಹಳೆಯ ಪುಸ್ತಕವನ್ನು ಇನ್ನು ಅಚ್ಚು ಮಾಡಬೇಡಿ ಅಂತ ಪ್ರಕಾಶಕರ ಬೆನ್ನು ಬಿದ್ದರು. ಅದು ನಿಂತದ್ದು 2022ರಲ್ಲಿ.

ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಅನ್ನುವ ಕ್ರೈಸ್ತ ಮಠದ ಸನ್ಯಾಸಿಗಳು ಜರ್ಮನ್ ಶೆಫರ್ಡ್ ಸಾಕುತ್ತಾರೆ. ಅವರು 1978ರಲ್ಲಿ ಬರೆದ ಪುಸ್ತಕದಲ್ಲಿ, ಹೇಳಿದ ಮಾತು ಕೇಳದ ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯುವ ಕ್ರಮ ಇತ್ತು. 2002ರ ಹೊಸ ಆವೃತ್ತಿಯಲ್ಲಿ ಅದನ್ನು ಮಾಡಬೇಡಿ ಅಂತ ಅವರೇ ತಿದ್ದಿಕೊಂಡರು. ಇವರ ಮೇಲೂ ಮೆಕ್ ಮೇಲೂ ನನಗೆ ತುಂಬಾ ಗೌರವ ಇದೆ. ಬರೆದವರು ತಿದ್ದಿಕೊಂಡರೂ ಹಳೇ ಅಂಗಡಿಯಲ್ಲಿ ಕೂತಿರುವ ಪ್ರತಿ ಹಾಗೇ ಇರುತ್ತದಲ್ಲ, ಅದನ್ನು ನನ್ನಂಥವನು ಕೊಂಡು ಮನೆಗೆ ತರುತ್ತಾನೆ. ಅದಕ್ಕೇ ಇಸವಿ ನೋಡಿ ಅನ್ನುವುದು.

ಹಾಗಂತ ಹಳೆಯದೆಲ್ಲ ಕೆಟ್ಟದ್ದು ಅಂತಲ್ಲ. ಇದು ನೋಡಿ, 1965ರ ಪುಸ್ತಕ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಂತ ಇಬ್ಬರು ವಿಜ್ಞಾನಿಗಳು ಬರೆದದ್ದು. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಅನ್ನುವ ಊರಿನಲ್ಲಿ ಐದು ತಳಿಯ ನಾಯಿಗಳನ್ನು ಹುಟ್ಟಿನಿಂದಲೇ ನೋಡುತ್ತಾ ವರ್ಷಗಟ್ಟಲೆ ಕೆಲಸ ಮಾಡಿದರು. ಬಸೆಂಜಿ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಶೆಟ್ಲೆಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್. ಓದಲು ಕಷ್ಟದ ಪುಸ್ತಕ, ಕೋಷ್ಟಕಗಳೇ ಜಾಸ್ತಿ. ಆದರೆ ಇವತ್ತು ಮರಿ ತರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಮಾತು ಇದರಲ್ಲಿದೆ. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದ ತನಕ ಮರಿಯ ಮನಸ್ಸು ತೆರೆದಿರುತ್ತದೆ. ಆಗ ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲ ಅದಕ್ಕೆ ನಮ್ಮದು ಅನ್ನಿಸುತ್ತದೆ. ಆ ಬಾಗಿಲು ಮುಚ್ಚುತ್ತಾ ಬಂದಂತೆ ಹೊಸದೆಲ್ಲ ಭಯ ಹುಟ್ಟಿಸುತ್ತದೆ. ಅದೇ ಪ್ರಯೋಗಶಾಲೆಯಲ್ಲಿ ಕೆಲವು ಮರಿಗಳನ್ನು ಹದಿನಾಲ್ಕು ವಾರದ ತನಕ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆಸಿ ನೋಡಿದರು. 1961ರಲ್ಲಿ ಅದರ ವರದಿ ಬಂತು. ಆ ಮರಿಗಳು ಕಾಡುಪ್ರಾಣಿಗಳ ಹಾಗೆ ಮನುಷ್ಯರನ್ನು ಕಂಡರೆ ದೂರ ಓಡುತ್ತಿದ್ದವು.

ಈಗ ನಮ್ಮಲ್ಲಿ ಏನಾಗುತ್ತದೆ ನೋಡಿ. ಮರಿಯನ್ನು ಏಳೆಂಟು ವಾರಕ್ಕೆ ತರುತ್ತೇವೆ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದ ತನಕ. ನಡುವೆ ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು. ಎಲ್ಲ ಮುಗಿಯುವ ತನಕ ಮರಿಯನ್ನು ಹೊರಗೆ ಬಿಡಬೇಡಿ ಅನ್ನುತ್ತಾರೆ. ಮರಿಗಳ ಜೀವ ತೆಗೆಯುವ ಪಾರ್ವೋ ಅನ್ನುವ ಸೋಂಕಿನ ಭಯ ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಲಸಿಕೆ ಮುಗಿಯುವ ಹೊತ್ತಿಗೆ ಆ ಬಾಗಿಲೂ ಮುಚ್ಚಿಹೋಗಿರುತ್ತದೆ! ಅಮೆರಿಕದ ಪಶುವೈದ್ಯರಲ್ಲಿ ಪ್ರಾಣಿಗಳ ನಡತೆಯನ್ನೇ ಅಭ್ಯಾಸ ಮಾಡುವವರ ಸಂಘ 2008ರಲ್ಲಿ ಈ ಬಗ್ಗೆ ಸ್ಪಷ್ಟವಾಗಿ ಹೇಳಿತು. ಮೊದಲ ಲಸಿಕೆ ಆಗಿ ಏಳು ದಿನ ಕಳೆದರೆ ಶುಚಿಯಾದ ಜಾಗದಲ್ಲಿ ನಡೆಯುವ ಮರಿಗಳ ತರಗತಿಗೆ ಕಳಿಸಬಹುದು, ಕಾಯಬೇಡಿ ಅಂತ. ಮೂರು ವರ್ಷದೊಳಗಿನ ನಾಯಿಗಳು ಸಾಯುವುದಕ್ಕೆ ಸೋಂಕು ರೋಗಗಳಿಗಿಂತ ನಡತೆಯ ತೊಂದರೆಯೇ ದೊಡ್ಡ ಕಾರಣ ಅಂತಲೂ ಹೇಳಿತು. ಕಚ್ಚುವ ನಾಯಿಯನ್ನು ಅಲ್ಲಿ ಕೊಲ್ಲಿಸುತ್ತಾರೆ. ಇಲ್ಲಿ ಊರಾಚೆ ಬಿಟ್ಟು ಬರುತ್ತಾರೆ.

ನಮ್ಮ ಊರುಗಳಲ್ಲಿ ಮರಿಗಳ ತರಗತಿ ಎಲ್ಲಿದೆ ಅಂತ ಕೇಳುತ್ತೀರಿ. ಬೇಡ, ಎತ್ತಿಕೊಂಡು ಹೋಗಿ. ನೆಲಕ್ಕೆ ಬಿಡದಿದ್ದರೆ ಆಯಿತು. ತೋಳಿನಲ್ಲಿ ಕೂತೇ ಅದು ಬಸ್ಸಿನ ಹಾರನ್ ಕೇಳಲಿ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ರೇನ್‌ಕೋಟ್ ತೊಟ್ಟವರನ್ನು ನೋಡಲಿ. ಕುಕ್ಕರ್ ಸೀಟಿ, ಮಿಕ್ಸಿ ಸದ್ದು ಆದಾಗಲೆಲ್ಲ ಬೇಯಿಸಿದ ಮೊಟ್ಟೆಯ ಒಂದು ಚೂರು ಬಾಯಿಗೆ ಬೀಳಲಿ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇಂಥ ಪಟ್ಟಿಗಳು ಇರುತ್ತವೆ. ವ್ಯಾಕ್ಯೂಮ್ ಕ್ಲೀನರ್, ಹಿಮದ ಬೂಟು ಅಂತೆಲ್ಲ. ನಮ್ಮ ಮರಿಗೆ ಬೇಕಾದದ್ದು ದೀಪಾವಳಿ ಪಟಾಕಿ, ಮೆರವಣಿಗೆಯ ಡೊಳ್ಳು, ಹಂಚಿನ ಮೇಲೆ ಬೀಳುವ ಮಳೆ, ಬಾಗಿಲಿಗೆ ಬರುವ ದನ. ಪಟ್ಟಿಯನ್ನು ನೀವೇ ಬರೆದುಕೊಳ್ಳಬೇಕು.

ಉಚ್ಚೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದೇ ಅದನ್ನು. ಇಯಾನ್ ಡನ್ಬಾರ್ ಅನ್ನುವ ಪಶುವೈದ್ಯ 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚೈನಿಲ್ಲದೆ ಬಿಟ್ಟ ಮರಿಗಳಿಗೆ ಪಾಠ ಶುರು ಮಾಡಿದರು. ಹೊಡೆತದ ಜಾಗಕ್ಕೆ ತಿಂಡಿಯನ್ನು ತಂದವರಲ್ಲಿ ಅವರೂ ಒಬ್ಬರು. ಅವರ ಪುಸ್ತಕ ಓದಿ ನನ್ನ ಎರಡನೇ ನಾಯಿಗೆ ಕಲಿಸಿದೆ. ಮರಿ ಉಚ್ಚೆ ಮಾಡುವ ಹೊತ್ತು ನಮಗೆ ಮೊದಲೇ ಗೊತ್ತಿರುತ್ತದೆ. ಎದ್ದ ಕೂಡಲೇ, ತಿಂದ ಮೇಲೆ, ಆಟದ ನಡುವೆ. ಮೂಗು ನೆಲಕ್ಕೆ ಹಚ್ಚಿ ಸುತ್ತತೊಡಗಿದರೆ ಇನ್ನು ಅರ್ಧ ನಿಮಿಷ. ಎತ್ತಿಕೊಂಡು ದಿನವೂ ಅದೇ ಗಿಡದ ಬುಡಕ್ಕೆ ಒಯ್ಯಬೇಕು. ಸುಮ್ನೆ ನಿಲ್ಲಬೇಕು. ಮಾಡಿ ಮುಗಿಸಿದ ಕೂಡಲೇ, ಅಲ್ಲೇ, ಬಾಯಿಗೆ ತಿಂಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಮನೆಯೊಳಗೆ ಓಡಿಬಂದದ್ದಕ್ಕೆ ಬಹುಮಾನ ಸಿಕ್ಕಿತು ಅಂದುಕೊಳ್ಳುತ್ತದೆ. ತಿಂಡಿ ಜೇಬಿನಲ್ಲೇ ಇರಬೇಕು. ಒಳಗೆ ಮಾಡಿಬಿಟ್ಟರೆ ಬಾಯಿ ಮುಚ್ಚಿಕೊಂಡು ಒರೆಸಿ, ಅಷ್ಟೇ. ಹನ್ನೊಂದನೇ ದಿನಕ್ಕೆ ನನ್ನ ಮರಿ ತಾನೇ ಬಾಗಿಲ ಹತ್ತಿರ ಹೋಗಿ ಕೂತು ನನ್ನ ಮುಖ ನೋಡಿತು. ಆ ನೋಟ ಕರಿಯನ ಕಣ್ಣಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

ಇನ್ನು ತಳಿಗಳ ಪುಸ್ತಕಗಳು.

ನಾಯಿಯ ಬಗ್ಗೆ ಬರೆದಿಡುವುದು ನಮ್ಮವರಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಹತ್ತನೇ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನುವ ವೀರನಿಗೆ ದೊರೆ, ಮೆಚ್ಚಿದ್ದೇನೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಸಾರಮೇಯ ವಿನೋದ ಅಂತ ನಾಯಿಗಳಿಗೇ ಒಂದು ಭಾಗ ಇದೆ.

ಇಂಗ್ಲೆಂಡಿನಲ್ಲಿ ನಾಯಿಗಳ ಮೇಲೆ ಬಂದ ಮೊದಲ ಪುಸ್ತಕ 1570ರದ್ದು. ಜಾನ್ ಕೈಯಸ್ ಅನ್ನುವ ವೈದ್ಯ ಲ್ಯಾಟಿನ್ನಿನಲ್ಲಿ ಬರೆದದ್ದು. ಅದರಲ್ಲಿ ನಾಯಿಗಳನ್ನು ವಿಂಗಡಿಸಿದ್ದು ಮಾಡುವ ಕೆಲಸದ ಮೇಲೆ. ಬೇಟೆಯವು, ಕುರಿ ಕಾಯುವವು, ಮನೆ ಕಾಯುವವು, ಮಡಿಲಲ್ಲಿ ಕೂರುವವು. ಚಕ್ರದೊಳಗೆ ಓಡುತ್ತಾ ಒಲೆಯ ಮುಂದಿನ ಮಾಂಸದ ಸರಳನ್ನು ತಿರುಗಿಸುವ ನಾಯಿಯೂ ಅಲ್ಲಿದೆ. ಸುಮಾರು ಮುನ್ನೂರು ವರ್ಷ ಕಳೆದು 1859ರಲ್ಲಿ ನ್ಯೂಕಾಸಲ್‌ನಲ್ಲಿ ನಾಯಿಗಳ ಪ್ರದರ್ಶನ ಶುರುವಾಯಿತು. 1873ರಲ್ಲಿ ತಳಿ ನಾಯಿಗಳ ದಾಖಲೆ ಇಡುವ ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿತು. ಅಲ್ಲಿಂದ ಪುಸ್ತಕಗಳ ಮಾತು ನಿಧಾನವಾಗಿ ಕೆಲಸದಿಂದ ರೂಪಕ್ಕೆ ತಿರುಗಿತು. ಕಿವಿ ಎಷ್ಟು ಉದ್ದ, ಬಾಲ ಹೇಗೆ, ಬಣ್ಣ ಯಾವುದು.

ಈಗ ತಳಿ ಪುಸ್ತಕ ತೆರೆದರೆ ಚೆಂದದ ಫೋಟೋ, ಪಕ್ಕದಲ್ಲಿ ಎತ್ತರ ತೂಕ. ಆ ತಳಿ ಯಾವ ಕೆಲಸಕ್ಕೆ ಹುಟ್ಟಿತು ಅನ್ನುವುದು ಎಲ್ಲೋ ಒಂದು ಸಾಲಿನಲ್ಲಿ ಇರುತ್ತದೆ. ನಾನು ಮೊದಲು ಹುಡುಕುವುದು ಆ ಸಾಲನ್ನು. ಲ್ಯಾಬ್ರಡಾರ್ ಪುಟ ತೆಗೆಯಿರಿ. ಬೇಟೆಗಾರ ಹೊಡೆದ ಹಕ್ಕಿಯನ್ನು ನೀರಿನಿಂದ ಬಾಯಲ್ಲಿ ಕಚ್ಚಿ ತರುವ ನಾಯಿ ಅಂತ ಇರುತ್ತದೆ. ಅಂದಮೇಲೆ ನಿಮ್ಮ ಚಪ್ಪಲಿ, ರಿಮೋಟು, ಮಗುವಿನ ಸಾಕ್ಸು ಎಲ್ಲ ಅದರ ಬಾಯಿಗೆ ಹೋಗುವುದು ಹಟಕ್ಕಲ್ಲ. ಕಚ್ಚಿ ತರಲು ಏನಾದರೂ ಕೊಡಿ, ಅದಕ್ಕೂ ಸಮಾಧಾನ, ನಿಮಗೂ ಸಮಾಧಾನ. ಕೇಂಬ್ರಿಡ್ಜಿನ ವಿಜ್ಞಾನಿಗಳು 2016ರಲ್ಲಿ ಇನ್ನೊಂದು ವಿಷಯ ಕಂಡುಕೊಂಡರು. ಅವರು ನೋಡಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹೊಟ್ಟೆ ತುಂಬಿತು ಅಂತ ಹೇಳುವ ಜೀನಿನಲ್ಲೇ ಒಂದು ತುಂಡು ಇಲ್ಲ. ನಮ್ಮ ಲ್ಯಾಬ್ ಯಾವಾಗಲೂ ಹಸಿದೇ ಇರುತ್ತದೆ ಅಂತ ಅನ್ನ ಸುರಿಯುವ ಮುಂಚೆ ಇದನ್ನು ನೆನಪಿಡಿ. ಹಳೆಯ ಯಾವ ಪುಸ್ತಕದಲ್ಲೂ ಇದು ಇರುವುದಿಲ್ಲ.

ಪಗ್ ಬಗ್ಗೆಯೂ ಒಂದು ಮಾತು. ಇಪ್ಪತ್ತು ವರ್ಷದ ಹಿಂದೆ ಟಿವಿಯಲ್ಲಿ ಹುಡುಗನ ಹಿಂದೆ ಹೋಗುವ ಪಗ್ ನಾಯಿಯ ಮೊಬೈಲ್ ಜಾಹೀರಾತು ಬರುತ್ತಿತ್ತಲ್ಲ, ಆಗ ಎಲ್ಲರಿಗೂ ಪಗ್ ಬೇಕಾಯಿತು. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡ. ಅದರಲ್ಲಿ ಅವನ ಪಗ್ ಕೂಡ ಕೂತಿದೆ. ಅದಕ್ಕೆ ಮೂತಿ ಇದೆ! ಈಗಿನ ಪುಸ್ತಕದ ಫೋಟೋ ಪಕ್ಕಕ್ಕಿಟ್ಟು ನೋಡಿ. ಮೂತಿ ಮುಖದೊಳಗೆ ಹೂತುಹೋಗಿದೆ. ನಾಯಿ ಮೈಯ ಬಿಸಿ ಕಳೆದುಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಮೂಗೇ ಇಕ್ಕಟ್ಟಾದರೆ ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ರಾಯಚೂರಿನಲ್ಲಿ ಅದು ಹೇಗೆ ಉಸಿರಾಡಬೇಕು? ಅದರ ಗೊರಕೆ ಮುದ್ದಾಗಿದೆ ಅನ್ನುವ ಪುಸ್ತಕವನ್ನು ನಾನು ಯಾರಿಗೂ ಕೊಡುವುದಿಲ್ಲ. ಚಳಿನಾಡಿನಲ್ಲಿ ಗಾಡಿ ಎಳೆಯಲು ಎರಡು ಪದರದ ಕೂದಲು ಹೊತ್ತು ಹುಟ್ಟಿದ ಹಸ್ಕಿಯ ಕಥೆಯೂ ಇಷ್ಟೇ.

ನಮ್ಮ ಮುಧೋಳ ನಾಯಿ ಈ ಪುಸ್ತಕಗಳಲ್ಲಿ ಎಲ್ಲಿದೆ? ನನ್ನ ದಪ್ಪ ಪುಸ್ತಕಗಳಲ್ಲಿ ಹೆಚ್ಚಿನವುಗಳಲ್ಲಿ ಇಲ್ಲ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಇಷ್ಟಾದರೂ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಕಮ್ಮಿ. ಥಿಯೋಡರ್ ಬಾಸ್ಕರನ್ ಅವರು 2017ರಲ್ಲಿ ಭಾರತದ ನಾಯಿಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಇಲ್ಲಿದೆ, ದಯವಿಟ್ಟು ಓದಿ. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿತು ಅಂದರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಪಕ್ಕೆಲುಬು ಕಾಣುವುದು ಅದರ ಮೈಕಟ್ಟು, ಉಪವಾಸ ಅಲ್ಲ. ಗ್ರೇಹೌಂಡ್ ಥರದ ಕೊಬ್ಬಿಲ್ಲದ ತೆಳು ಮೈಯ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧದ ಅಮಲು ಬೇಗ ಇಳಿಯುವುದಿಲ್ಲ. ಆಪರೇಷನ್ ಅಂದರೆ ಡಾಕ್ಟರ ಹತ್ತಿರ ಇದನ್ನು ಮೊದಲೇ ಮಾತಾಡಿ. ಇಂಥ ಮಾತೆಲ್ಲ ಕನ್ನಡದಲ್ಲಿ, ಬಾಗಲಕೋಟೆಯ ರೈತನೂ ತೆಗೆದು ನೋಡುವಂಥ ಪುಸ್ತಕದಲ್ಲಿ ಬರಬೇಕು. ಅದು ನನ್ನ ದೊಡ್ಡ ಆಸೆ.

ತಳಿ ಪುಸ್ತಕದಲ್ಲಿ ನಾನು ಅಷ್ಟಾಗಿ ನಂಬದ ಭಾಗವೂ ಒಂದಿದೆ. ಸ್ವಭಾವದ ಪಟ್ಟಿ. ಈ ತಳಿ ಸಾಧು, ಈ ತಳಿ ಸಿಟ್ಟಿನದು ಅಂತ ನಕ್ಷತ್ರ ಹಾಕಿ ಕೊಟ್ಟಿರುತ್ತಾರೆ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದರು. ನಾಯಿ ನಾಯಿಯ ನಡುವೆ ನಡತೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ಬರುವುದು ಸುಮಾರು ನೂರಕ್ಕೆ 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಸ್ವಲ್ಪ ಜಾಸ್ತಿ. ಸಿಟ್ಟಿನ ವಿಷಯದಲ್ಲಿ ತೀರಾ ಕಮ್ಮಿ. ಮೈಗೆ ತಳಿ ಪುಸ್ತಕ ನೋಡಿ. ಮನಸ್ಸಿಗೆ ನಿಮ್ಮೆದುರಿಗಿರುವ ಮರಿಯನ್ನೇ ನೋಡಬೇಕು, ಅದರ ತಾಯಿ ಸಿಕ್ಕರೆ ತಾಯಿಯನ್ನೂ ನೋಡಿ.

ಮಾತು ಇಲ್ಲಿಗೆ ಮುಗಿದಿತ್ತು. ಆಗ ಹಿಂದಿನ ಸಾಲಿನಲ್ಲಿದ್ದ ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಎದ್ದು ನಿಂತರು. “ಅಲ್ಲ ಮಾರಾಯ್ರೇ, ನಮ್ಮ ಮನೆಯಲ್ಲಿ ಯಾವಾಗಲೂ ನಾಲ್ಕೈದು ನಾಯಿ. ಯಾರೂ ಒಂದು ಪುಸ್ತಕ ಓದಿರಲಿಲ್ಲ. ಒಂದೂ ಯಾರನ್ನೂ ಕಚ್ಚಲಿಲ್ಲ. ಅದು ಹೇಗೆ?” ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ನಾನು ಅವರನ್ನೇ ಕೇಳಿದೆ, ಮರಿಗಳು ಎಲ್ಲಿ ಹುಟ್ಟುತ್ತಿದ್ದವು ಅಮ್ಮ? ಸೌದೆ ಕೊಟ್ಟಿಗೆಯಲ್ಲಿ ಅಂದರು. ಕಣ್ಣು ಬಿಟ್ಟ ಮೇಲೆ? ಅಂಗಳದಲ್ಲೇ. ಅಡಿಕೆ ಸುಲಿಯಲು ಬಂದವರ ಕಾಲಡಿ, ದನದ ಕಾಲಡಿ, ಮಕ್ಕಳ ಕೈಯಲ್ಲಿ. ತಾಯಿಯ ಜೊತೆ ಎಷ್ಟು ದಿನ? ಯಾರು ಬಿಡಿಸುತ್ತಾರೆ, ಅಲ್ಲೇ ಇರುತ್ತಿದ್ದವು. ನೋಡಿ, ಆ ಮೂರನೇ ವಾರದಿಂದ ಹನ್ನೆರಡನೇ ವಾರದ ಪಾಠವನ್ನು ಅಂಗಳವೇ ಮಾಡುತ್ತಿತ್ತು. ಉಚ್ಚೆಯ ಪಾಠ ಬೇಕಾಗಿಯೇ ಇರಲಿಲ್ಲ, ಅವು ಮನೆಯೊಳಗೆ ಇರುತ್ತಲೇ ಇರಲಿಲ್ಲ. ಈಗ ಮರಿ ಮೂರನೇ ಮಹಡಿಯಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಇಬ್ಬರೇ ಇಬ್ಬರ ಮುಖ ನೋಡಿಕೊಂಡು ಬೆಳೆಯುತ್ತದೆ. ಅಂಗಳದಲ್ಲಿ ತಾನಾಗೇ ಆಗುತ್ತಿದ್ದದ್ದನ್ನು ನಾವು ಪುಸ್ತಕ ನೋಡಿಕೊಂಡು ಮಾಡಬೇಕಾಗಿದೆ.

ಅಮ್ಮ ತಲೆ ಆಡಿಸಿದರು. ಹೊರಡುವಾಗ ಹತ್ತಿರ ಬಂದು, ಮಗ ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಮರಿ ತಂದಿದ್ದಾನೆ, ತಾನೂ ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತೇನೆ ಅಂದರು. ಮರಿಗೆ ಎಷ್ಟು ವಾರ ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ ಒಂಬತ್ತು ಅಂದರು. ಮುಂದಿನ ತಿಂಗಳ ತನಕ ಕಾಯಬೇಡಿ ಅಮ್ಮ, ಈಗಲೇ ಫೋನ್ ಮಾಡಿ, ಇವತ್ತು ಸಂಜೆಯೇ ಮರಿಯನ್ನು ಎತ್ತಿಕೊಂಡು ಕೆಳಗಿಳಿದು ರಸ್ತೆ ತೋರಿಸಲು ಹೇಳಿ ಅಂದೆ. ಅವರು ಬ್ಯಾಗಿನಿಂದ ಫೋನ್ ತೆಗೆದು ಮೆಟ್ಟಿಲ ಮೇಲೆ ಕೂತರು.